ಕೊನೆಯ ಗದ್ದೆಯ ನೀರು

೧೪-೩-೨೦೨೫, ಶುಕ್ರವಾರ

ಮೊಮ್ಮಗಳು ಪ್ರಮೋದಾ ಎಂ.ಎ.ಗೆಂದು ನಮ್ಮೂರ ಕೆರೆಯ ಮೇಲೆ ಪ್ರಬಂಧ ಬರೆದಿದ್ದಾಳೆ. ಸೋಮವಾರ ಕಾಲೇಜಿಗೆ ಕೊಡಬೇಕಂತೆ. "ನಿನ್ನ ಹೆಸ್ರೂ ಐತೆ, ನೋಡು ತಾತ" ಅಂದಳು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು, ಅಕ್ಷರ ಕೂಡಿಸಿಕೊಂಡು ಓದಿದೆ. 'ತೂಬಿನ ಹತ್ತಿರದ ದೊಡ್ಡ ಗದ್ದೆಗಳಿಗೆ ಮೊದಲು ನೀರು ಬಿಡುತ್ತಿದ್ದೆವು ಎನ್ನುತ್ತಾರೆ ನೀರುಗಂಟಿ ಪಿಳ್ಳಪ್ಪ.'

ನಾನು ಅಂದೆನೇ? ಮೂವತ್ತು ವರ್ಷ ಆ ಕೆರೆಯ ನೀರು ಹಂಚಿದ್ದೇನೆ. ಕೊನೆಯ ಗದ್ದೆ ನೆನೆಯುವ ತನಕ ತೂಬಿನ ಹತ್ತಿರದ ಮೇಲಿನ ಗದ್ದೆಯವರಿಗೆ ಒಂದು ಹನಿ ಬಿಟ್ಟವನಲ್ಲ. ಅದಕ್ಕೇ ಪಟೇಲರ ಮಗನ ಕೈಯಲ್ಲಿ ಏಟು ತಿಂದಿದ್ದೇನೆ.

"ಯಾವಾಗ ಕೇಳ್ದ್ಯೇ ನನ್ನ?"

"ಟೈಮ್ ಇರ್ಲಿಲ್ಲ ತಾತ. ಮೊಬೈಲಲ್ಲಿ ಎಐಗೆ ನಿನ್ನ ಹೆಸ್ರು, ಕೆಲ್ಸ ಹೇಳ್ದೆ. ಅದೇ ಬರ್ಕೊಡ್ತು."

"ಒಂದೇ ಮನೇಲಿ ಉಣ್ತೀಯಲ್ಲೇ! ನಾನೇನ್ ಸತ್ತೋಗಿದ್ನಾ?"

ಅತ್ತಳು. ಆಮೇಲೆ ಪೆನ್ನು, ಹಾಳೆ ಹಿಡಿದುಕೊಂಡು ಬಂದು ನನ್ನ ಮುಂದೆ ಕೂತಳು. "ಈಗ ಹೇಳು ತಾತ, ಬರ್ಕೋತೀನಿ."

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲಿಂದ ಶುರು ಮಾಡುವುದೋ ತಿಳಿಯದೆ ಸುಮ್ಮನೆ ಕೂತುಬಿಟ್ಟೆ.

ನನ್ನ ಹೆಸರಲ್ಲಿ ಮಾತಾಡಲು ಆ ಎಐಗೆ ಒಂದು ಗಳಿಗೆಯೂ ಹಿಡಿಯಲಿಲ್ಲವಂತೆ.