ಹಿಮಗುಬ್ಬಿಗೆ ಸಿಕ್ಕ ಗಂಡ

ಅವಿಯಾಕಳ ಅಪ್ಪನಿಗೆ,

ನಿಮ್ಮ ಕೆಮ್ಮಿನದೇ ಚಿಂತೆ ನನಗೆ, ಬೆಚ್ಚಗಿರಿ. ಇಲ್ಲಿ ಮಗಳ ಮನೆ ಹಿಂದಿನ ಕಲ್ಲುಸಂದಿಯಲ್ಲಿ ಹಿಮಗುಬ್ಬಿ ಕಾವಿಗೆ ಕೂತಿದೆ. ಅದು ಎದ್ದರೆ ಈ ಚಳಿಗೆ ಮೊಟ್ಟೆ ಕೆಟ್ಟಾವೆಂದು ಗಂಡುಹಕ್ಕಿ ದಿನವಿಡೀ ಹುಳ ತಂದು ಹೆಣ್ಣಿನ ಬಾಯಿಗಿಡುತ್ತದೆ. ಅದನ್ನು ಕಂಡು ನಿಮ್ಮ ಅಳಿಯ ಪಾವಿಯಾ, “ನೋಡಿ ಅತ್ತೆ, ಹೆಂಡ್ತಿ ಗುಲಾಮ!” ಎಂದು ನಗುತ್ತಾನೆ. ಆ ಮಹಾರಾಯನಿಗೆ ನೀರು ಕಾಯಿಸಲೂ ಬಾರದು. ಹೆರಿಗೆಯಲ್ಲಿ ರಕ್ತ ಹೋಗಿ ಮಗಳಿಗೆ ನಿಂತರೆ ತಲೆ ಸುತ್ತುತ್ತದೆ. ಇವನು ಕೂಸು ನೋಡಲು ಭಾನುವಾರ ಊರನ್ನೆಲ್ಲ ಕಾಫಿಗೆ ಕರೆದಿದ್ದಾನೆ.

“ಕೇಕು ಯಾರು ಮಾಡ್ತಾರಪ್ಪಾ?” ಎಂದೆ.

“ಅವಳಿದ್ದಾಳಲ್ಲ ಅತ್ತೆ!” ಎಂದ.

ಈ ಕಾರ್ಡು ಇವತ್ತಿನ ದೋಣಿಗೆ ಹಾಕುತ್ತಿದ್ದೇನೆ. ಶನಿವಾರದ ದೋಣಿಗೆ ಬಾಣಂತಿಯನ್ನು, ಕೂಸನ್ನು ಕರೆದುಕೊಂಡು ಬರುತ್ತೇನೆ. ಒಲೆ ಹಚ್ಚಿಡಿ. ಭಾನುವಾರ ಬಂದವರಿಗೆ ಅವನೇ ಬೇಯಿಸಿ ಬಡಿಸಲಿ.

ಅಮಾಲಿಯಾ