ಭಾರ ಹೊತ್ತ ತೊಲೆ

೬ ನವೆಂಬರ್, ಗುರುವಾರ

ಇಳಿಸು ಅನ್ನಲೋ, ಬೇಡ ಅನ್ನಲೋ, ತಿಳಿಯುತ್ತಿಲ್ಲ. ಕಾಂಕ್ರೀಟು ವರ್ಷಾನುಗಟ್ಟಲೆ ಭಾರ ಹೊತ್ತರೆ ಎಷ್ಟು ಬಾಗುತ್ತದೆಂದು ನೋಡಲು ನಮ್ಮ ಯಜಮಾನರು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಒಂದು ತೊಲೆಗೆ ಕಬ್ಬಿಣದ ಭಾರ ತೂಗುಹಾಕಿದ್ದು ನಮ್ಮ ಮದುವೆಯ ವರ್ಷ. ಅವರು ಹೋದರು, ಅದು ಇನ್ನೂ ಹೊತ್ತುಕೊಂಡೇ ಇದೆ. ಈಗ ಮೊಮ್ಮಗಳು ಅಲ್ಲೇ ಸಂಶೋಧಕಿ.

“ಈಗೆಲ್ಲ ಕಂಪ್ಯೂಟರೇ ಹೇಳುತ್ತೆ ಅಜ್ಜಿ, ಆ ಜಾಗ ಬೇಕಂತೆ. ಅಜ್ಜಂದು ಅಂತ ನಿನ್ನ ಕೇಳ್ತಿದೀನಿ. ಹೂಂ ಅಂದ್ರೆ ನಾಳೆ ಭಾರ ಇಳಿಸ್ತೀವಿ.”

“ಇಳಿಸಿದ್ರೆ ನೆಟ್ಟಗಾಗುತ್ತೇನೇ?”

“ಸ್ವಲ್ಪ ಮೇಲೇಳುತ್ತೆ, ಪೂರ್ತಿ ಇಲ್ಲ. ನಿನ್ನ ಸೊಂಟದ ಹಾಗೆ!”

ನಕ್ಕೆ. ಆ ಸ್ವಲ್ಪವನ್ನು ನೋಡುವ ಆಸೆ ಅವರಿಗಿತ್ತೋ, ನೋಡಲು ಹೆದರಿಯೇ ಇಳಿಸಲಿಲ್ಲವೋ? ನಾನು ಕೇಳಲೇ ಇಲ್ಲ. ಆ ತೊಲೆ ನನಗೆ ಇಷ್ಟು ವರ್ಷದ ಸವತಿ, ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ನಾಳೆ ಹೋಗಿ ಮೊದಲು ಮುಟ್ಟಿ ನೋಡುತ್ತೇನೆ. ಆಮೇಲೆ ಹೂಂ ಅನ್ನಲು ಬಾಯಿ ಬಂದರೆ ಸರಿ, ಇಲ್ಲದಿದ್ದರೆ...