ಅತ್ತಿಗೆಯ ಆಶೀರ್ವಾದ

ಮೈದುನ ಫಲ್ಕನಿಗೆ ಅತ್ತಿಗೆ ಹವೀಸ್ ಮಾಡುವ ಆಶೀರ್ವಾದಗಳು.

ನಿನ್ನಣ್ಣ ವಾರಿನ್‌ನನ್ನು ಮಣ್ಣು ಮಾಡಿದ ದಿನವೇ ನೀನು ಕೋಟೆಯನ್ನು ವಶಪಡಿಸಿಕೊಂಡು ನನ್ನನ್ನು ಸನ್ಯಾಸಿನಿಯರ ಮಠಕ್ಕೆ ಅಟ್ಟಿದೆ. ಮಗಳು ಸಿಬಿಲ್ ನನ್ನ ನಿಲುವಂಗಿ ಹಿಡಿದು ಅಳುತ್ತಿದ್ದಳು. "ಮಗು ನಮ್ಮ ಮನೆತನದ್ದು ಅತ್ತಿಗೆ, ನೀವು ಹೋಗಿ ಜಪ ಮಾಡ್ಕೊಂಡಿರಿ," ಎನ್ನುತ್ತಾ ನೀನೇ ಅವಳ ಬೆರಳು ಬಿಡಿಸಿದೆ.

ಎರಡು ಚಳಿಗಾಲ ಮಠದಲ್ಲಿ ಕಳೆದರೂ ನಾನು ದೀಕ್ಷೆ ತೆಗೆದುಕೊಳ್ಳಲಿಲ್ಲ. ಮಠದ ಹಿರಿಯಮ್ಮನನ್ನು ನೋಡಲು ಅವರ ಅಣ್ಣ ಗಿಲ್ಬರ್ಟ್ ಪ್ರಭುಗಳು ಆಗಾಗ ಬರುತ್ತಿದ್ದರು. ನಿನ್ನ ಕೋಟೆಗೂ ಹೊಲಗಳಿಗೂ ಒಡೆಯರು ಅವರೇ ಎಂಬುದು ನಿನಗೆ ಗೊತ್ತು. ಕಳೆದ ಭಾನುವಾರ ನಮ್ಮ ಮದುವೆಯಾಯಿತು.

ನಿನ್ನೆ ನಿನ್ನ ಆಳು ಜಿಂಕೆ ಮಾಂಸ ತಂದು, "ಹಳೇದೆಲ್ಲ ಮನಸ್ಸಲ್ಲಿ ಇಟ್ಕೋಬೇಡಿ ಅಂದ್ರು ನಮ್ಮ ಯಜಮಾನ್ರು," ಎಂದ. ಮಾಂಸವನ್ನು ನಾಯಿಗಳಿಗೆ ಹಾಕಿಸಿದೆ. ಸಿಬಿಲ್ ಹೇಗಿದ್ದಾಳೆ ಎಂದು ಕೇಳಿದೆ.

"ಚೆನ್ನಾಗಿದ್ದಾರೆ ತಾಯಿ. ಈಗ ನಮ್ಮ ಯಜಮಾನಮ್ಮನ್ನೇ ಅಮ್ಮ ಅಂತಾರೆ," ಎಂದ ಪಾಪ, ನನಗೆ ಸಂತೋಷವಾಗಲೆಂದು.

ಸಿಬಿಲಳನ್ನು ನಾಳೆಯೇ ದಾದಿಯೊಂದಿಗೆ ಕಳುಹಿಸು. ಜೊತೆಗೆ ನಿನ್ನ ಮಗ ಪಿಯರ್ಸ್‌ನನ್ನೂ ಕಳುಹಿಸು. ಸಾಮಂತರ ಗಂಡುಮಕ್ಕಳು ಪ್ರಭುಗಳ ಮನೆಯಲ್ಲಿ ಬೆಳೆಯುವುದು ವಾಡಿಕೆಯೇ. ಪ್ರಭುಗಳ ಅಪ್ಪಣೆಯೂ ಆಗಿದೆ. ಅವನಿಗೆ ಬೆಚ್ಚನೆಯ ಬಟ್ಟೆ ತೊಡಿಸು, ದಾರಿಯಲ್ಲಿ ಗಾಳಿ ಹೆಚ್ಚು. ಅವನ ತಾಯಿ ಜೊತೆಗೆ ಬರುವುದು ಬೇಡ. ಮಗ ಅಳುತ್ತಾನೆಂದು ಅವಳು ಕೊರಗಬೇಕಾಗಿಲ್ಲ ಎಂದು ಹೇಳು. ನಾಲ್ಕು ವರ್ಷದ ಮಕ್ಕಳು ಬೇಗ ಮರೆಯುತ್ತಾರೆ.

ಇಂತು ನಿನ್ನ ಒಡತಿ,
ಹವೀಸ್